ಎಂಟು ತಿಂಗಳ ಜಗಲಿ

ನನ್ನ ಮದುವೆಯ ದಿನ ಮಧ್ಯಾಹ್ನ ಹನ್ನೆರಡೂವರೆಗೆ ನನ್ನ ಮನೆಯ ಬಾಗಿಲು ನನ್ನ ಮೂಗಿಗೇ ಬಡಿದು ಮುಚ್ಚಿಕೊಂಡಿತು. ಹೆಂಡತಿ ಸರ್ವಮಂಗಳ ಹೊಸ್ತಿಲ ಮೇಲಿನ ಅಕ್ಕಿ ಸೇರನ್ನು ಬಲಗಾಲಿನಿಂದ ಉರುಳಿಸಿ ಒಳಗೆ ಹೋಗಿದ್ದಳು. ಅವಳ ಮಗಳು ನೀಲು, ಮೂರು ವರ್ಷದವಳು, ತಾಯಿಯ ಸೆರಗು ಹಿಡಿದು ಚೆಲ್ಲಿದ ಅಕ್ಕಿಯನ್ನು ತುಳಿಯುತ್ತ ಹಿಂದೆಯೇ ಹೋಗಿದ್ದಳು. ನಾನು ಬಲಗಾಲು ಎತ್ತಿದ್ದೆ, ಇನ್ನೂ ಇಟ್ಟಿರಲಿಲ್ಲ. ಬಾಗಿಲು ಬಂತು. ಹಣೆಯ ಮೇಲಿನ ಬಾಸಿಂಗ ಮುರಿದು ಎರಡಾಯಿತು. ಪರವೂರಿನಿಂದ ಬಂದಿದ್ದ ಓಲಗದವರು ಇದೂ ಒಂದು ಶಾಸ್ತ್ರವಿರಬೇಕೆಂದು ಇನ್ನಷ್ಟು ಜೋರಾಗಿ ಊದಿದರು.

ನಮ್ಮ ಊರಿನವರು ಮಾತ್ರ ಯಾರೂ ಬೆಚ್ಚಲಿಲ್ಲ. "ಓ, ಮಗು ಒಪ್ಪಲಿಲ್ಲ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಊಟದ ಎಲೆಗಳನ್ನು ಜಗಲಿಯ ಮೇಲೇ ಹಾಸಿದರು. ನನಗೂ ಒಂದು ಎಲೆ ಹಾಕಿದರು. ಮದುಮಗಳಿಗೆ ಕಿಟಕಿಯಿಂದ ಹೋಳಿಗೆ ಕೊಟ್ಟರು.

ಆರು ವರ್ಷದೊಳಗಿನ ಮಗು ಇರುವ ಮನೆಯ ಬಾಗಿಲು ನಮ್ಮಲ್ಲಿ ಆ ಮಗುವಿಗೆ ಸೇರಿದ್ದು. ಮಗುವಿಗೆ ಯಾರ ಮೇಲೆ ಭರವಸೆಯೋ ಅವರು ಮುಟ್ಟಿದರೆ ಸಾಕು, ತೆರೆದುಕೊಳ್ಳುತ್ತದೆ. ಉಳಿದವರು ಹಾರೆ ತಂದರೂ ಅಲುಗುವುದಿಲ್ಲ. ಹಿತ್ತಲ ಬಾಗಿಲೂ ಅಷ್ಟೇ. ಒಬ್ಬರ ಬೆನ್ನಿಗೆ ಇನ್ನೊಬ್ಬರು ನುಸುಳಲು ಹೋದರೆ ಏನಾಗುತ್ತದೆಂದು ನನ್ನ ಮೂಗನ್ನು ಕೇಳಬೇಕು. ಮಗು ಬೇಕೆಂದು ಮಾಡುವುದಲ್ಲ, ಆದ್ದರಿಂದ ಬೈದೂ ಪ್ರಯೋಜನವಿಲ್ಲ, ಬೇಡಿಯೂ ಪ್ರಯೋಜನವಿಲ್ಲ. ಹಾಗಾಗಿಯೇ ನಮ್ಮ ಮನೆಗಳಿಗೆಲ್ಲ ಅಗಲವಾದ ಜಗಲಿ, ಜಗಲಿಗೊಂದು ಮಂಚ, ಮಂಚದ ಮೇಲೊಂದು ಫ್ಯಾನು. ಹಿಂದೆ ವರ್ಗವಾಗಿ ಬಂದಿದ್ದ ತಹಸೀಲ್ದಾರರೊಬ್ಬರು ಮಗನ ಆರನೇ ಹುಟ್ಟುಹಬ್ಬದವರೆಗೂ ಜಗಲಿಯಲ್ಲೇ ಕೂತು ಕಡತಗಳಿಗೆ ಸಹಿ ಹಾಕಿದರು. ಪಾತ್ರೆ ತೊಳೆಯುವ ಹೆಂಗಸು ಮಾತ್ರ ಅವರ ಕಣ್ಣೆದುರೇ ದಿನಕ್ಕೆ ನಾಲ್ಕು ಸಲ ಒಳಗೆ ಹೋಗಿ ಹೊರಗೆ ಬರುತ್ತಿದ್ದಳು.

ನಾನು ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಹೆಸರು ಮರುಳಸಿದ್ದಪ್ಪ, ಕರೆಯುವುದು ಮೈಕ್ ಮರುಳಪ್ಪ. ನಲವತ್ತೊಂದು ವರ್ಷ ಒಬ್ಬನೇ ಇದ್ದವನು. ಇಪ್ಪತ್ತು ವರ್ಷ ಸ್ಪೀಕರುಗಳ ಪಕ್ಕದಲ್ಲಿ ನಿಂತು ನಿಂತು ನನಗೆ ಮೆಲ್ಲಗೆ ಮಾತಾಡುವುದು ಮರೆತೇಹೋಗಿತ್ತು. ಉಪ್ಪು ಕೇಳಿದರೂ ಪಂಕ್ತಿಯ ಆ ತುದಿಯವರು ತಿರುಗಿ ನೋಡುತ್ತಿದ್ದರು. ಇನ್ನೊಂದು ಅಭ್ಯಾಸವೂ ಇತ್ತು. ಯಾರು ಕರೆದರೂ, ಎಲ್ಲಿಂದ ಕರೆದರೂ, "ಒಂದೇ ನಿಮಿಷ, ಬಂದೆ" ಅನ್ನುವುದು. ಮೈಕಿನವರೆಲ್ಲ ಹಾಗೇ ಅನ್ನುತ್ತಾರೆ. ಅಂದವರು ಎರಡು ಗಂಟೆ ಕಳೆದ ಮೇಲೆ ಹೋಗುತ್ತಾರೆ. ಯಾರೂ ಅದನ್ನು ಸುಳ್ಳೆಂದು ತಿಳಿದಿರಲಿಲ್ಲ, ನಾನಂತೂ ತಿಳಿದಿರಲಿಲ್ಲ.

ಮದುವೆಯ ಮರುದಿನದಿಂದ ನನ್ನ ಸಂಸಾರ ಜಗಲಿಯಲ್ಲಿ ಶುರುವಾಯಿತು. ಬಚ್ಚಲು ಹಿತ್ತಲಲ್ಲಿ ಬೇರೆಯಾಗಿದ್ದದ್ದು ಪುಣ್ಯ. ಊಟ ಕಿಟಕಿಯಿಂದ ಬರುತ್ತಿತ್ತು. ಮಂಗಳ ಒಳಗೆ ಕೂತು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು, ನಾನು ಹೊರಗೆ ಕೂತು ಆ ಮಿಷನ್ನಿನ ಸದ್ದು ಕೇಳುತ್ತಿದ್ದೆ. ಬಿಡುವಾದಾಗ ಅವಳು ಜಗಲಿಗೆ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಆಗ ಹಾದುಹೋಗುವವರೆಲ್ಲ ನಿಂತು "ಇನ್ನೂ ಆಗಲಿಲ್ವಾ?" ಎಂದು ಕೇಳುತ್ತಿದ್ದರು.

ಮೊದಲ ತಿಂಗಳು ನಾನು ಮಗುವನ್ನು ವಸ್ತುಗಳಿಂದ ಗೆಲ್ಲಲು ಹೊರಟೆ. ಚಾಕಲೇಟು ಕೊಟ್ಟೆ, ತಿಂದಳು. ಕಣ್ಣು ಮುಚ್ಚಿ ತೆರೆಯುವ ಗೊಂಬೆ ಕೊಟ್ಟೆ, ಅದರ ಕಣ್ಣು ಕಿತ್ತಳು. ಮೂರು ಗಾಲಿಯ ಸೈಕಲ್ಲು ತಂದು ಮಂಗಳನ ಕೈಯಲ್ಲಿ ಒಳಗೆ ಕಳಿಸಿದೆ. ನೀಲು ಬೆಳಗಿನಿಂದ ಸಂಜೆಯವರೆಗೆ ಅದನ್ನು ಓಡಿಸಿ, ಬಾಗಿಲಿಗೆ ಒಳಗಿನಿಂದ ಡಿಕ್ಕಿ ಹೊಡೆದು, ಗಂಟೆ ಬಾರಿಸಿ ವಾಪಸು ಹೋಗುತ್ತಿದ್ದಳು. ಪ್ರತಿ ಸಲ ಗಂಟೆ ಬಾರಿಸಿದಾಗಲೂ ನಾನು ಎದ್ದು ಬಾಗಿಲು ತಳ್ಳಿ ನೋಡುತ್ತಿದ್ದೆ. ಅದು ಗೋಡೆಯಷ್ಟೇ ಗಟ್ಟಿಯಾಗಿತ್ತು.

ಆಮೇಲೆ ನನಗೆ ನನ್ನ ಕಸುಬು ನೆನಪಾಯಿತು. ಒಂದು ಸಂಜೆ ಜಗಲಿಯ ಎರಡು ಕಂಬಗಳಿಗೆ ಎರಡು ಹಾರ್ನು ಕಟ್ಟಿ, ಮೈಕು ಹಿಡಿದು, "ಹಲೋ, ಹಲೋ, ನಮ್ಮ ಮುದ್ದಿನ ನೀಲು ಪುಟ್ಟಿಗೆ" ಎಂದೆ. ಅಷ್ಟೇ ಅಂದದ್ದು. ಒಳಗೆ ಚೀರಿದ ಸದ್ದು ಕೇಳಿತು, ಕಿಟಕಿಯ ಬಾಗಿಲುಗಳೂ ಪಟಪಟನೆ ಬಿದ್ದವು. ನಮ್ಮ ಬೀದಿಯ ಉಳಿದ ಮಕ್ಕಳೂ ಬೆಚ್ಚಿ, ಅವರವರ ಬಾಗಿಲೂ ಮುಚ್ಚಿದವು. ಆಗಷ್ಟೇ ಕೆಲಸದಿಂದ ಬಂದ ಏಳು ಜನ ಗಂಡಸರು ಏಳು ಜಗಲಿಗಳಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಅವರ ಬಾಗಿಲುಗಳು ಅರ್ಧ ಗಂಟೆಯೊಳಗೆ ತೆರೆದುಕೊಂಡವು, ಪುಣ್ಯವಂತರು. ನನ್ನ ಕಿಟಕಿ ತೆರೆಯಲು ಮೂರು ದಿನ ಬೇಕಾಯಿತು.

ಮಂಗಳ ಅಂದು ಜಗಲಿಗೆ ಬಂದು ಹಾರ್ನುಗಳನ್ನು ತಾನೇ ಬಿಚ್ಚಿ ಕೆಳಗಿಟ್ಟಳು. ಕೋಪದಲ್ಲಿದ್ದಾಗ ಅವಳು ಕೆಲಸ ಮಾಡುತ್ತಾಳೆ, ಮಾತಾಡುವುದಿಲ್ಲ. ಕೆಲಸ ಮುಗಿದ ಮೇಲೆ ಮಾತಾಡಿದಳು.

"ಅವಳಪ್ಪ ಹೋಗುವಾಗ ಏನಂದ್ರು ಗೊತ್ತಾ ನಿಮಗೆ? ಬಾಗಿಲಲ್ಲಿ ನಿಂತು, 'ಒಂದ್ನಿಮಿಷ, ಬಂದೆ' ಅಂದ್ರು. ಇವಳಿಗಾಗ ಒಂದೂವರೆ ವರ್ಷ."

"ಆಮೇಲೆ?"

"ಆಮೇಲೇನು, ಬರ್ಲಿಲ್ಲ. ನಮ್ಮಪ್ಪನ ಮನೆಗೆ ಹೋದ್ವಿ. ಅಲ್ಲಿ ಎರಡು ತಿಂಗಳು ಬಾಗಿಲು ಮುಚ್ಚೋಕೇ ಆಗ್ಲಿಲ್ಲ ರೀ. ಅಗಳಿ ಹಾಕಿದ್ರೂ ಬಿಚ್ಕೊಂಡು ತೆರ್ಕೊಳ್ತಿತ್ತು. ನಾಯಿ ಬಂದು ಹಿಟ್ಟು ತಿಂದುಹೋಗೋದು, ಧೂಳು ಬರೋದು. ಇವಳು ಹೊಸ್ತಿಲ ಮೇಲೇ ಕೂತಿರೋಳು. ಒಂದಿನ ಬೆಳಿಗ್ಗೆ ತಾನಾಗೇ ಮುಚ್ಕೊಳ್ತು. ಅವತ್ತು ಅವಳು ಅಳ್ಲೂ ಇಲ್ಲ. ನನಗೆ ಭಯ ಆಗಿದ್ದು ಅವತ್ತೇ."

ನಾನು ಹಾರ್ನಿನ ವೈರನ್ನು ಸುತ್ತತೊಡಗಿದೆ.

"ನೀವು ದಿನಕ್ಕೆ ಹತ್ತು ಸಲ ಅದೇ ಮಾತು ಹೇಳ್ತೀರ" ಎಂದಳು. "ಒಳಗೆ ಅವಳಿಗೆ ಕೇಳುತ್ತೆ."

ಆ ವಾರ ಚೌಡಪ್ಪ ನಮ್ಮ ಜಗಲಿಗೆ ಬಂದ. ಚೌಡಪ್ಪ ಅಂಗನವಾಡಿಯಲ್ಲಿ ಅಡುಗೆ ಮಾಡುವವನು. ಅದಕ್ಕೆ ಮೊದಲು ಕಳ್ಳನಾಗಿದ್ದ. ನಮ್ಮ ಊರಿನಲ್ಲಿ ಅದು ಬಹಳ ಕಷ್ಟದ ಕಸುಬು. ಮಗುವಿರುವ ಮನೆ ಹೊಗಬೇಕಾದರೆ ಮೊದಲು ಮಗುವಿನ ವಿಶ್ವಾಸ ಗಳಿಸಬೇಕು, ಅದಕ್ಕೆ ತಿಂಗಳುಗಟ್ಟಲೆ ದುಡಿಯಬೇಕು. ಅಷ್ಟು ದುಡಿದು, ಕೊನೆಗೊಂದು ದಿನ ಬಾಗಿಲು ತೆರೆದಾಗ, ಮಗು ಕಾಲಿಗೆ ತೆಕ್ಕೆಬಿದ್ದಿರುವಾಗ ಬೀರುವಿಗೆ ಕೈಹಾಕಲು ಅವನಿಂದ ಆಗುತ್ತಿರಲಿಲ್ಲ. ಹನ್ನೊಂದು ಮನೆ ಹೊಕ್ಕು ಒಂದು ಲೋಟವನ್ನೂ ತರಲಾಗದೆ ಕಸುಬು ಬಿಟ್ಟವನು. ಈ ವಿಷಯದಲ್ಲಿ ಊರಿಗೆ ಅವನೇ ಪಂಡಿತ.

"ಏನ್ ಮಾಡ್ಬೇಕು ಹೇಳು ಚೌಡಪ್ಪ" ಎಂದೆ.

"ಮೊದ್ಲು ಕೂಗ್ಬೇಡಿ."

"ಕೂಗ್ತಿಲ್ಲವಲ್ಲ!"

ಬೀದಿಯಲ್ಲಿ ಹೋಗುತ್ತಿದ್ದ ಒಂದು ಹಸು ನಿಂತು ನೋಡಿತು. ಚೌಡಪ್ಪ ಅದು ಹೋಗುವವರೆಗೆ ಕಾದ.

"ಏನೂ ಮಾಡ್ಬೇಡಿ ಮರುಳಪ್ಪನೋರೆ. ಅವಳೇನ್ ಮಾಡ್ತಾಳೋ ನೋಡಿ. ನೋಡಿ, ಅದಕ್ಕೆ ತಕ್ಕ ಉತ್ತರ ಕೊಡಿ. ನಕ್ರೆ ನಗಿ, ಅತ್ರೆ ಯಾಕಂತ ಕೇಳಿ, ಬೆನ್ನು ತಿರುಗಿಸಿದ್ರೆ ಬಿಟ್ಬಿಡಿ. ಬರ್ತೀನಿ ಅಂದ್ರೆ ಬನ್ನಿ. ಬರೋದಿಲ್ಲ ಅಂದ್ರೆ ಬರೋದಿಲ್ಲ ಅನ್ನಿ."

"ಅಷ್ಟೇನಾ?"

"ಅಷ್ಟೇ. ಆದ್ರೆ ದಿನಾ ಮಾಡ್ಬೇಕು. ಅದಕ್ಕೇ ನೋಡಿ, ನಮ್ ಕಸುಬಲ್ಲಿ ಯಾರೂ ಉಳೀಲಿಲ್ಲ."

ಐದು ಗಂಟೆಗೆ ಬರ್ತೀನಿ ಅಂದರೆ ಮೂರು ವರ್ಷದ ಮಗುವಿಗೆ ಏನು ಗೊತ್ತಾಗುತ್ತದೆ? ಅದಕ್ಕೆ ನಾನು ಸೊಪ್ಪಿನ ಗಾಡಿಯನ್ನೇ ಗಡಿಯಾರ ಮಾಡಿಕೊಂಡೆ. ಸೊಪ್ಪು ಮಾರುವ ಹನುಮಕ್ಕ ದಿನಾ ಸಂಜೆ ನಮ್ಮ ಬೀದಿಗೆ ಬರುತ್ತಾಳೆ. ಬೆಳಿಗ್ಗೆ ಹೊರಡುವಾಗ ಕಿಟಕಿಯ ಹತ್ತಿರ ನಿಂತು, ಆದಷ್ಟು ಮೆಲ್ಲಗೆ, "ನೀಲು, ನಾನೀಗ ಹೋಗ್ತೀನಿ. ಸೊಪ್ಪಿನ ಗಾಡಿ ಬಂದಾಗ ಬರ್ತೀನಿ" ಅನ್ನುತ್ತಿದ್ದೆ. ಸಂಜೆ ಹನುಮಕ್ಕ "ದಂಟು, ಸಬ್ಬಸಿಗೆ" ಎಂದು ಕೂಗುವ ಹೊತ್ತಿಗೆ ನಾನು ಎಲ್ಲಿದ್ದರೂ ಓಡಿ ಬಂದು ಜಗಲಿಯಲ್ಲಿರುತ್ತಿದ್ದೆ. ಎಷ್ಟೋ ಮದುವೆಗಳಲ್ಲಿ ಹಾಡು ಅರ್ಧಕ್ಕೇ ನಿಂತಿತು. ನನ್ನನ್ನು ಕರೆಯಲು ಬಂದವರಿಗೆ "ನಾಳೆ ನನ್ನಿಂದ ಆಗಲ್ಲ" ಎಂದು ನಿಜ ಹೇಳಲು ಶುರುಮಾಡಿದೆ. ಅವರು ಗಾಬರಿಯಾದರು. ಮರುಳಪ್ಪನಿಗೆ ಮೈ ಸರಿಯಿಲ್ಲವೆಂದು ಸುದ್ದಿಯಾಯಿತು.

ಒಂದು ದಿನ ಹನುಮಕ್ಕನಿಗೆ ಜ್ವರ. ಗಾಡಿ ಬರುವುದಿಲ್ಲವೆಂದು ನಾಲ್ಕು ಗಂಟೆಗೆ ಗೊತ್ತಾಯಿತು. ನಾನು ಅವಳ ಮನೆಗೆ ಹೋಗಿ, ಕೈಮುಗಿದು ಗಾಡಿ ಕೇಳಿ, ಇದ್ದಷ್ಟು ಸೊಪ್ಪು ಹಾಕಿಕೊಂಡು ತಳ್ಳುತ್ತ ಬಂದೆ. ಕೂಗಬೇಕಲ್ಲ. ಜೋರಾಗಿ ಕೂಗಿದರೆ ನೀಲು ಬೆಚ್ಚುತ್ತಾಳೆ, ಕೂಗದಿದ್ದರೆ ಗಾಡಿ ಬಂದದ್ದು ತಿಳಿಯುವುದಿಲ್ಲ. ಪಿಸುಮಾತಿನಲ್ಲಿ "ದಂಟು, ಸಬ್ಬಸಿಗೆ" ಅನ್ನುತ್ತ ಬೀದಿಯ ಉದ್ದಕ್ಕೂ ಬಂದ ಸೊಪ್ಪಿನವನನ್ನು ನಮ್ಮ ಊರು ಅಲ್ಲಿಯವರೆಗೆ ಕಂಡಿರಲಿಲ್ಲ. ಒಂದು ಕಟ್ಟೂ ಮಾರಾಟವಾಗಲಿಲ್ಲ. ಆದರೆ ಕಿಟಕಿಯ ಸರಳುಗಳ ನಡುವೆ ಎರಡು ಕಣ್ಣು ಕಾಣಿಸಿದವು.

"ನೀನು ಹನುಮಕ್ಕ ಅಲ್ಲ" ಎಂದಳು. ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

"ಅಲ್ಲ" ಎಂದೆ.

"ನೀನು ಮೈಕು."

"ಹೌದು."

ಅವಳು ಒಳಗೆ ಹೋಗಿ ಒಂದು ಚಮಚ ತಂದು ಸರಳುಗಳ ನಡುವಿನಿಂದ ಹೊರಗೆ ಹಾಕಿದಳು. ಎತ್ತಿ ಕೊಟ್ಟೆ. ಮತ್ತೆ ಹಾಕಿದಳು. ಮತ್ತೆ ಕೊಟ್ಟೆ. ಕತ್ತಲಾಗಿ ಮಂಗಳ ಅವಳನ್ನು ಊಟಕ್ಕೆ ಎತ್ತಿಕೊಂಡು ಹೋಗುವವರೆಗೆ ನಮಗೆ ಬೇರೆ ಕೆಲಸವಿರಲಿಲ್ಲ. ಮರುದಿನ ಸೊಂಟ ಹಿಡಿದುಕೊಂಡಿತ್ತು. ಸಂಜೆ ಗಾಡಿ ಬಂದ ಹೊತ್ತಿಗೆ ಅವಳು ಕಿಟಕಿಯಲ್ಲಿ ಚಮಚ ಹಿಡಿದು ನಿಂತಿದ್ದಳು.

ಹೀಗೆ ನಾಲ್ಕು ತಿಂಗಳು ಕಳೆದವು. ಚಮಚದಿಂದ ಸೌಟು, ಸೌಟಿನಿಂದ ಗೊಂಬೆಯ ಕೈಕಾಲುಗಳು. ಕೆಲವು ದಿನ ಅವಳು ನಗುತ್ತಿದ್ದಳು, ಕೆಲವು ದಿನ ಕಾರಣವಿಲ್ಲದೆ ನನ್ನ ಮೇಲೆ ನೀರು ಚೆಲ್ಲುತ್ತಿದ್ದಳು. "ಕೋಪ ಬಂತಾ?" ಅಂದರೆ "ಬಂತು" ಅನ್ನುತ್ತಿದ್ದಳು. ಬಟ್ಟೆ ಬದಲಾಯಿಸಿ ಬಂದು ಕೂರುತ್ತಿದ್ದೆ. ಒಂದು ಮುಂಜಾನೆ ಬಾಗಿಲು ನಾಲ್ಕು ಬೆರಳಿನಷ್ಟು ತೆರೆದಿತ್ತು. ನನ್ನ ಮುಂಗೈ ಒಳಗೆ ಹೋಯಿತು. ಬೀದಿಯವರೆಲ್ಲ ಬಂದು ನೋಡಿ, ಇನ್ನು ಒಂದು ವಾರದ ಮಾತು ಎಂದರು.

ಆ ವಾರವೇ ನಾನು ಎಲ್ಲವನ್ನೂ ಕೆಡಿಸಿದೆ. ಊರ ಬಯಲಿನಲ್ಲಿ ಒಂದು ದೊಡ್ಡ ಸಭೆ. ಮುಖಂಡರೊಬ್ಬರು ಮೂರು ಗಂಟೆಗೆ ಮಾತು ಮುಗಿಸುತ್ತಾರೆ ಎಂದು ಸಭೆ ಕರೆದವರು ಹೇಳಿದ್ದರು. ಅವರು ಮೂರು ಗಂಟೆಗೆ ಶುರುಮಾಡಿದರು. ನಾನು ಆಂಪ್ಲಿಫೈಯರ್ ಪಕ್ಕದಲ್ಲಿ ಕೂತು, ದೂರದಲ್ಲಿ ಹನುಮಕ್ಕನ ಗಾಡಿ ನಮ್ಮ ಬೀದಿಯ ಕಡೆ ತಿರುಗುವುದನ್ನು ಕಣ್ಣಾರೆ ನೋಡಿದೆ. ವೈರು ಕಿತ್ತು ಓಡಬಹುದಿತ್ತು. ಧೈರ್ಯವಾಗಲಿಲ್ಲ. "ಕೊನೆಯದಾಗಿ ಒಂದು ಮಾತು" ಎಂದು ಅವರು ಐದು ಸಲ ಹೇಳಿದರು. ನಾನು ಮನೆಗೆ ಬಂದಾಗ ಗಾಡಿ ಬಂದು, ಹೋಗಿ, ಬೀದಿ ದೀಪ ಹತ್ತಿತ್ತು. ಬಾಗಿಲು ಮುಚ್ಚಿತ್ತು. ಕಿಟಕಿಯೂ ಮುಚ್ಚಿತ್ತು.

ಸಭೆ ತಡವಾಯಿತು ಎನ್ನಲು ಬಾಯಿ ತೆರೆದೆ. ಹೇಳಲಾಗಲಿಲ್ಲ. ಅವಳಿಗೆ ಮುಖಂಡರು ಯಾರೋ, ಸಭೆ ಏನೋ.

"ನೀಲು, ಗಾಡಿ ಬಂದಾಗ ಬರ್ತೀನಿ ಅಂದಿದ್ದೆ. ಬರ್ಲಿಲ್ಲ. ನೀನು ಕಾದೆ. ನಂದೇ ತಪ್ಪು" ಎಂದೆ ಮುಚ್ಚಿದ ಕಿಟಕಿಗೆ.

"ಹೋಗು" ಎಂದಿತು ಒಳಗಿನ ಧ್ವನಿ.

"ಹೋಗಲ್ಲ. ನೀನು ಮಾತಾಡ್ದೇ ಇದ್ರೂ ಪರವಾಗಿಲ್ಲ. ಇಲ್ಲೇ ಜಗಲೀಲಿ ಕೂತಿರ್ತೀನಿ."

ಸ್ವಲ್ಪ ಹೊತ್ತಿಗೆ ಕಿಟಕಿ ಒಂದು ಗೇಣು ತೆರೆಯಿತು. ಚಮಚ ಬಂತು, ನನ್ನ ಹಣೆಗೆ. ಸೌಟು ಬಂತು. ಲಟ್ಟಣಿಗೆ, ಇಡ್ಲಿ ತಟ್ಟೆಗಳು, ಮಂಗಳನ ಅಳತೆ ಟೇಪು, ನನ್ನದೇ ಮದುವೆಯ ಪೇಟ. ಸರಳುಗಳ ನಡುವೆ ತೂರುವುದೆಲ್ಲ ಬಂತು. ನಾನು ಒಂದೊಂದನ್ನೂ ಎತ್ತಿ ಕಿಟಕಿಯ ಕಟ್ಟೆಯ ಮೇಲೆ ಜೋಡಿಸುತ್ತ ಹೋದೆ. ಮಂಗಳ ಒಳಗಿನಿಂದ ಅವಳನ್ನು ತಡೆಯಲಿಲ್ಲ. ಎಸೆಯಲು ಏನೂ ಉಳಿಯದೆ ಹೋದಾಗ ನೀಲು ಜೋರಾಗಿ ಅತ್ತಳು. ಮಂಗಳ ಹೇಳಿದಳು, ಎರಡು ವರ್ಷದಲ್ಲಿ ಅವಳು ಹಾಗೆ ಅತ್ತದ್ದು ಅದೇ ಮೊದಲಂತೆ. ಮಗು ಅಳುತ್ತಿತ್ತು, ಮಂಗಳ ಕಣ್ಣೊರೆಸಿಕೊಂಡು ನಗುತ್ತಿದ್ದಳು, ನನಗೆ ಹಣೆ ನೋಯುತ್ತಿತ್ತು.

ಆಮೇಲೆ ಬಾಗಿಲ ಕಡೆ ನೋಡುವುದನ್ನು ಬಿಟ್ಟೆ. ಸುಮ್ಮನೆ ಗಾಡಿಯ ಹೊತ್ತಿಗೆ ಬರುತ್ತಿದ್ದೆ, ಕೂರುತ್ತಿದ್ದೆ, ಚಮಚ ಎತ್ತಿಕೊಡುತ್ತಿದ್ದೆ. ಜಗಲಿಯ ಮಂಚಕ್ಕೆ ಹೊಸ ಹಾಸಿಗೆ ಹೊಲಿಸಿಕೊಂಡೆ. ನೀಲುಗೆ ಆರಾಗಲು ಇನ್ನೂ ಎರಡು ವರ್ಷದ ಮೇಲಿತ್ತು.

ಎಂಟನೇ ತಿಂಗಳ ಒಂದು ಬೆಳಿಗ್ಗೆ ಮಂಗಳ ಎರಡು ಮನೆಯಾಚೆ ಇರುವ ಹಿಟ್ಟಿನ ಗಿರಣಿಗೆ ಹೊರಟಳು. "ಕಿಟಕಿಯಿಂದ ಒಂದು ಕಣ್ಣಿಟ್ಟಿರಿ" ಎಂದು ಹೇಳಿ ಹೋದಳು. ನೀಲು ಒಳಗೆ ಸೈಕಲ್ಲು ಓಡಿಸುತ್ತಿದ್ದಳು. ಅಡುಗೆಮನೆಯ ಹೊಸ್ತಿಲಿಗೆ ಗಾಲಿ ತಗುಲಿತು. ಬಿದ್ದ ಸದ್ದು, ಆಮೇಲೆ "ಅಮ್ಮಾ" ಎಂಬ ಕೂಗು. ನಾನು ಗಿರಣಿಯ ಕಡೆ ತಿರುಗಿ ಮಂಗಳನನ್ನು ಕರೆಯಬೇಕೆನ್ನುವಷ್ಟರಲ್ಲಿ ಒಳಗಿನಿಂದ ಇನ್ನೊಂದು ಕೂಗು ಬಂತು.

"ಮೈಕೂ!"

ಮಂಡಿ ತರಚಿ ರಕ್ತ ಬರುತ್ತಿತ್ತು. ಅವಳನ್ನು ಎತ್ತಿ ಸೊಂಟಕ್ಕೇರಿಸಿಕೊಂಡೆ. ಅರಿಶಿನ ಹಚ್ಚಬೇಕೆಂದು ಅಡುಗೆಮನೆಯಲ್ಲಿ ಹುಡುಕಿದರೆ ಅರಿಶಿನದ ಡಬ್ಬಿ ಮದುವೆಗೆ ಮೊದಲು ನಾನಿಡುತ್ತಿದ್ದ ಜಾಗದಲ್ಲಿ ಇಲ್ಲ. ಆ ಜಾಗದಲ್ಲಿ ಗೂಡೇ ಇಲ್ಲ. ಎಲ್ಲ ಹೊಸ ಡಬ್ಬಿಗಳು, ಎಲ್ಲವೂ ಒಂದೇ ಬಣ್ಣ. ಒಂದು ತೆರೆದೆ, ಸಾಸಿವೆ. ಇನ್ನೊಂದು, ಗುಂಡಿಗಳು. ಮತ್ತೊಂದು ಕೈಜಾರಿ ನೆಲದ ತುಂಬ ಮೆಂತ್ಯ. ನೀಲು ಅಳುತ್ತಲೇ ನನ್ನ ಕಿವಿ ಹಿಡಿದು ಮುಖವನ್ನು ಆ ಕಡೆ ತಿರುಗಿಸಿ, "ಅದಲ್ಲ, ಮೇಲಿಂದು" ಎಂದಳು. ಅರಿಶಿನ ಹಚ್ಚಿದೆ. "ಉರೀತು" ಎಂದಳು. "ಹೂಂ, ಉರಿಯುತ್ತೆ" ಎಂದು ಊದಿದೆ. ಅವಳು ತಲೆಯನ್ನು ನನ್ನ ಭುಜಕ್ಕೆ ಒರಗಿಸಿದಳು. ಚಿಕ್ಕ ತಲೆ, ಆದರೆ ಭಾರವಿತ್ತು. ಆ ಭಾರಕ್ಕೆ ಎಲ್ಲಿಯಾದರೂ ಕೂರಬೇಕೆಂದು ಕುರ್ಚಿ ಹುಡುಕುತ್ತಿರುವಾಗ ನನಗೆ ತಿಳಿಯಿತು: ನಾನು ಮನೆಯೊಳಗೆ ಇದ್ದೇನೆ.

ಬಾಗಿಲು ಯಾವಾಗ ತೆರೆಯಿತು, ನಾನು ಅದನ್ನು ಮುಟ್ಟಿದೆನೋ ಇಲ್ಲವೋ, ಇಂದಿಗೂ ಗೊತ್ತಿಲ್ಲ.

ಹೊರಗೆ ಮಂಗಳ ಗಿರಣಿಯಿಂದ ವಾಪಸು ಬಂದಿದ್ದಳು. ಅವಳು ಕಂಡದ್ದು ಖಾಲಿ ಜಗಲಿ. ಮಂಚದ ಮೇಲೆ ಟವೆಲ್ಲು ಬಿದ್ದಿದೆ, ನಾನು ಇಲ್ಲ. ಎಂಟು ತಿಂಗಳಲ್ಲಿ ಅವಳಿಗೆ ಹೇಳದೆ ನಾನು ಆ ಜಗಲಿ ಬಿಟ್ಟವನಲ್ಲ. ಹಿಟ್ಟಿನ ಡಬ್ಬ ಬೀದಿಯಲ್ಲಿ ಬಿದ್ದ ಸದ್ದು ಕೇಳಿ ನಾನು ಕಿಟಕಿಯ ಹತ್ತಿರ ಹೋದೆ. ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ಮುಖವೆಲ್ಲ ಬಿಳುಚಿಕೊಂಡಿತ್ತು. ಹಿಟ್ಟಿನಿಂದಲೋ ಭಯದಿಂದಲೋ ಹೇಳಲು ಬರುವಂತಿರಲಿಲ್ಲ.

"ಮಂಗಳ" ಎಂದೆ.

ಅವಳು ಬೀದಿಯ ಎರಡೂ ಕಡೆ ನೋಡಿದಳು.

"ಇಲ್ಲಿ. ಒಳಗೆ."

ಅವಳು ತಿರುಗಿ ಕಿಟಕಿಯ ಸರಳುಗಳ ಹಿಂದೆ ನನ್ನ ಮುಖ, ನನ್ನ ಭುಜದ ಮೇಲೆ ನೀಲುವಿನ ಮುಖ ನೋಡಿದಳು. ಆಮೇಲೆ ಅಳು ಬಂದದ್ದನ್ನು ತಡೆಯಲು, "ಮೆಂತ್ಯ ಯಾರು ಚೆಲ್ಲಿದ್ದು?" ಎಂದು ಕೇಳಿದಳು. ಅಲ್ಲಿಂದ ಅವಳಿಗೆ ಮೆಂತ್ಯ ಕಾಣುತ್ತಿರಲಿಲ್ಲ. ವಾಸನೆಯಿಂದಲೇ ಗೊತ್ತಾಗಿರಬೇಕು. "ಮೈಕು" ಎಂದು ನೀಲು ಚಾಡಿ ಹೇಳಿದಳು.

ಎರಡು ತಿಂಗಳ ಮೇಲೆ ನೀಲುವನ್ನು ಅಂಗನವಾಡಿಗೆ ಸೇರಿಸಿದೆವು. ನಮ್ಮ ಊರಿನ ಅಂಗನವಾಡಿಗೆ ಬಾಗಿಲಿಲ್ಲ. ಇಪ್ಪತ್ತಾರು ಮಕ್ಕಳ ಮನಸ್ಸಿಗೆ ಬರುವ ಬಾಗಿಲನ್ನು ಯಾವ ಬಡಗಿಯೂ ಮಾಡಿಕೊಡಲಾರ. ಬರೀ ಚೌಕಟ್ಟು ಇದೆ, ಮಳೆ ಬಂದರೆ ಗೋಣಿತಾಟು ಕಟ್ಟುತ್ತಾರೆ. ನಾನು ಹೊಸ ಪಂಚೆ ಉಟ್ಟುಕೊಂಡು ಹೋಗಿದ್ದೆ. ಅವಳು ನನ್ನ ಕಾಲು ಹಿಡಿದು ಅಳುತ್ತಾಳೆ, ಸಮಾಧಾನ ಮಾಡಬೇಕಾಗುತ್ತದೆ ಎಂದು ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಪಕ್ಕದಲ್ಲಿ ಒಂದು ಮಗು ಅಪ್ಪನ ಅಂಗಿ ಹಿಡಿದು ಜೋರಾಗಿ ಅಳುತ್ತಿತ್ತು. ಆ ಅಪ್ಪನ ಅಂಗಿಯ ಎರಡು ಗುಂಡಿ ಕಿತ್ತುಬಂದಿದ್ದವು.

ನೀಲು ನನ್ನ ಕೈ ಬಿಟ್ಟಳು. ಒಳಗೆ ಯಾರೋ ಮರದ ಕುದುರೆಯ ಮೇಲೆ ಕೂತಿದ್ದರು. ಅವಳು ಅದನ್ನು ನೋಡಿದಳು, ಹೋದಳು. ಹಿಂತಿರುಗಿಯೂ ನೋಡಲಿಲ್ಲ.

ನಾನು ಬೇಲಿಯ ಹತ್ತಿರ ನಿಂತೆ. ಚೌಡಪ್ಪ ಅಡುಗೆಕೋಣೆಯಿಂದ ಸೌಟು ಹಿಡಿದು ಹೊರಗೆ ಬಂದ.

"ಅಳ್ಲೇ ಇಲ್ಲ ಕಣೋ" ಎಂದೆ. ನನಗೇ ಗೊತ್ತಿಲ್ಲದೆ ದೂರು ಹೇಳುವ ಧ್ವನಿ ಬಂದಿತ್ತು.

"ಅಳ್ಲಿ ಅಂತ ಇತ್ತಾ ನಿಮಗೆ?"

"ಸ್ವಲ್ಪನಾದ್ರೂ..."

"ಹೋಗಿ ಮರುಳಪ್ಪನೋರೆ, ಉಪ್ಪಿಟ್ಟು ತಳ ಹಿಡೀತಿದೆ" ಎಂದು ಅವನು ಒಳಗೆ ಹೋದ.

ನಾನು ಹೋಗಲಿಲ್ಲ. ಅರ್ಧ ಗಂಟೆ ನಿಂತೆ. ಮಕ್ಕಳನ್ನು ಅಂಗಳಕ್ಕೆ ಬಿಟ್ಟರು. ನೀಲು ಓಡಿದಳು, ಯಾರನ್ನೋ ತಳ್ಳಿದಳು, ಯಾರೋ ಅವಳನ್ನು ತಳ್ಳಿದರು, ಕೆಳಗೆ ಬಿದ್ದಳು. ಎದ್ದು ಸುತ್ತ ನೋಡಿದಳು. ಬೇಲಿಯ ಹತ್ತಿರ ನನ್ನನ್ನು ಕಂಡಳು. ಅಂಗಳ ದಾಟಿ ನೇರವಾಗಿ ಓಡಿಬಂದು, ತೆರೆದಿದ್ದ ಗೇಟಿನಿಂದ ಹೊರಗೆ ಬಂದು, ನನ್ನ ಮೊಣಕಾಲಿಗೆ ಮುಖ ಒತ್ತಿ ನಿಂತಳು. ನಾನು ತಲೆಯ ಮೇಲೆ ಕೈಯಿಟ್ಟೆ. ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಮತ್ತೆ ಅಂಗಳದ ನಡುವೆ ಇದ್ದಳು, ತಳ್ಳಿದವನ ಹಿಂದೆ ಓಡುತ್ತಿದ್ದಳು.

ಮನೆಗೆ ಬಂದಾಗ ಮಂಗಳ ಮಿಷನ್ನು ನಿಲ್ಲಿಸಿ ಕೇಳಿದಳು, "ಹೇಗಿದ್ಲು? ಏನಂದ್ಲು?"

"ಏನೂ ಅನ್ಲಿಲ್ಲ" ಎಂದೆ. "ನನ್ನ ಪಂಚೆಗೆ ಮೂಗು ಒರೆಸಿ, ಆಡೋಕೆ ಹೋದ್ಲು."